ಇಪ್ಪತ್ತೇಳು ಇಂಚು, ನಾಲ್ಕು ಕೆ

ಮೊದಲೇ ಹೇಳಿಬಿಡುತ್ತೇನೆ, ಈ ಗಲಾಟೆಯಲ್ಲಿ ನನ್ನ ತಪ್ಪು ತೀರಾ ಕಡಿಮೆ. ನಾನು ಓಣಿಯ ಮೂಲೆಯಲ್ಲಿ ಸಿಗರೇಟು, ಉಪ್ಪು, ಅಂಚೆಚೀಟಿ ಮಾರುವ ಎಜೀದಿಯೊ. ಸರ್ಕಾರದ ಲಾಟರಿಗೆ ಅಂಕಿ ಬರೆದುಕೊಳ್ಳುವ ಯಂತ್ರವೂ ನನ್ನ ಅಂಗಡಿಯಲ್ಲೇ ಇದೆ. ಜನ ಅಂಕಿ ಹೇಳುತ್ತಾರೆ, ನಾನು ಒತ್ತುತ್ತೇನೆ, ಯಂತ್ರ ಚೀಟಿ ಉಗುಳುತ್ತದೆ. ಆ ಅಂಕಿ ಎಲ್ಲಿಂದ ಬಂತು ಎಂದು ವಿಚಾರಿಸುವುದು ನನ್ನ ಕೆಲಸವಲ್ಲ. ಔಷಧಿ ಅಂಗಡಿಯವನು ಗಿರಾಕಿಯ ಕಾಯಿಲೆ ಕೇಳುತ್ತಾ ಕೂತರೆ ವ್ಯಾಪಾರ ಆಗುತ್ತದೆಯೇ?

ನಮ್ಮ ನೇಪಲ್ಸಿನಲ್ಲಿ ಅಂಕಿಗಳು ಎಲ್ಲಿಂದ ಬೇಕಾದರೂ ಬರುತ್ತವೆ. ಒಂದರಿಂದ ತೊಂಬತ್ತರವರೆಗೆ ಪ್ರತಿ ಅಂಕಿಗೂ ಒಂದು ಅರ್ಥವಿದೆ, ಎಲ್ಲ ಅಜ್ಜಿಯರಿಗೂ ಆ ಪಟ್ಟಿ ಬಾಯಿಪಾಠ. ಕನಸಿನಲ್ಲಿ ಹಂದಿ ಬಂದರೆ ನಾಲ್ಕು. ಬೀನ್ಸ್ ಬಂದರೆ ಹತ್ತು. ಹೆದರಿಕೆಯಾಗಿ ಎಚ್ಚರವಾದರೆ ತೊಂಬತ್ತು. ಗಂಡ ಮೆಟ್ಟಿಲ ಮೇಲಿಂದ ಉರುಳಿಬಿದ್ದರೆ ಹೆಂಡತಿ ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬರುವಷ್ಟರಲ್ಲಿ ನನ್ನ ಅಂಗಡಿಗೆ ಓಡಿಬಂದು, ಎಷ್ಟನೇ ಮೆಟ್ಟಿಲು ಎಂದು ನೆನಪಿಸಿಕೊಂಡು ಚೀಟಿ ಬರೆಸಿ ಹೋಗುತ್ತಾಳೆ. ವಾರದಲ್ಲಿ ಮೂರ್ನಾಲ್ಕು ಸಂಜೆ ಲಾಟರಿಯ ಚಕ್ರ ತಿರುಗಿ ಐದು ಅಂಕಿ ಏಳುತ್ತವೆ, ಅದರಲ್ಲಿ ನಿಮ್ಮ ಎರಡು ಹೊಂದಿಕೊಂಡರೂ ಬಹುಮಾನ. ಆದರೆ ಎಲ್ಲಕ್ಕಿಂತ ಗಟ್ಟಿ ಅಂಕಿ ಎಂದರೆ ಸತ್ತವರು ಬಂದು ಹೇಳಿದ್ದು. ಅವರಿಗೆ ಸುಳ್ಳು ಹೇಳಿ ಆಗಬೇಕಾದ್ದು ಏನೂ ಇರುವುದಿಲ್ಲವಲ್ಲ.

ಈಗ ಅನಿಯೆಲ್ಲೊ ವಿಷಯ. ನಮ್ಮ ಓಣಿಯ ಮೂರನೇ ಮಹಡಿಯವನು. ವಯಸ್ಸು ನಲವತ್ತಮೂರು, ಮದುವೆಯಿಲ್ಲ. ಬಾಗಿಲ ಮೇಲೆ ‘ದೃಶ್ಯ ಕಲಾವಿದ’ ಎಂದು ಹಿತ್ತಾಳೆಯ ಫಲಕ ಹೊಡೆಸಿದ್ದಾನೆ. ಮದುವೆ ಫೋಟೋಗಳಲ್ಲಿ ಅತ್ತೆಯಂದಿರಿಗೆ ಎರಡು ಗದ್ದ ಇದ್ದರೆ ಒಂದು ಮಾಡುವುದು, ಹೋಟೆಲಿನ ಮೆನುವಿನಲ್ಲಿ ಸಿಗಡಿಯನ್ನು ಉಬ್ಬಿಸಿ ತೋರಿಸುವುದು ಅವನ ಕಲೆ. ತಂದೆ ಆರ್ಕಾಂಜೆಲೊ ಟ್ರಾಮ್ ಓಡಿಸುತ್ತಿದ್ದವರು, ಹೋದ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ದೊಡ್ಡ ಫೋಟೋ ಅವನ ಮನೆಯ ಗೋಡೆಯಲ್ಲಿ, ಕೆಳಗೊಂದು ಕೆಂಪು ದೀಪದೊಡನೆ, ಬಾಲ್ಕನಿಯ ಕಡೆಗೇ ನೋಡುತ್ತಿದೆ.

ಈ ಅನಿಯೆಲ್ಲೊಗೆ ಸಿಹಿತಿಂಡಿ ಅಂಗಡಿಯ ರಾಕೇಲೆ ಎಂದರೆ ಪ್ರಾಣ. ರಾಕೇಲೆ ಗಂಡನನ್ನು ಕಳೆದುಕೊಂಡು ಒಂಬತ್ತು ವರ್ಷ. ಒಬ್ಬಳೇ ಕರಿಯುತ್ತಾಳೆ, ಒಬ್ಬಳೇ ಮಾರುತ್ತಾಳೆ, ಮಾತು ಕಡಿಮೆ, ಕೈ ಜೋರು. ಇವನು ಮನಸ್ಸಿನದ್ದು ಹೇಳಿಕೊಂಡಿಲ್ಲ. ಬೆಳಗ್ಗೆ ಒಂದು ಸಿಹಿ, ಸಂಜೆ ಒಂದು ಸಿಹಿ ಎಂದು ನಾಲ್ಕು ವರ್ಷ ಅವಳ ಅಂಗಡಿಗೆ ಹೋಗಿ ಒಂಬತ್ತು ಕಿಲೋ ದಪ್ಪಗಾಗಿದ್ದಾನೆ. ಪ್ರೀತಿಯ ದಾರಿಯಲ್ಲಿ ಅವನ ಪ್ರಗತಿ ಅಲ್ಲಿಗೆ ನಿಂತಿತ್ತು.

ಕ್ರಿಸ್‌ಮಸ್ಸಿಗೆ ರಾಕೇಲೆ ನಂಬಿ ಇವನಿಗೆ ಒಂದು ಕೆಲಸ ಕೊಟ್ಟಳು. ಜೇನಿನಲ್ಲಿ ಅದ್ದಿದ ಹಿಟ್ಟಿನ ಉಂಡೆಗಳಿಗೆ ರಟ್ಟಿನ ಡಬ್ಬಿ, ಡಬ್ಬಿಯ ಮೇಲೆ ಚಿತ್ರ. ಅನಿಯೆಲ್ಲೊನ ಹಳೆಯ ಮಾನಿಟರ್ ಎಲ್ಲವನ್ನೂ ಕೆಂಪಗೆ ತೋರಿಸುತ್ತಿತ್ತು. ಇವನು ಆ ಕೆಂಪನ್ನು ಕಷ್ಟಪಟ್ಟು ಕಳೆದ, ಕಳೆದದ್ದು ಹೆಚ್ಚಾಯಿತು, ಡಬ್ಬಿಯ ಮೇಲೆ ಉಂಡೆಗಳು ಅಪ್ಪಟ ಹಸಿರಾಗಿ ಅಚ್ಚಾದವು. ಹಬ್ಬಕ್ಕೆ ಬಟಾಣಿ ಮಾರ್ತಿದೀಯೇನಮ್ಮ ಎಂದು ಗಿರಾಕಿಗಳು ಕೇಳಿದರು. ರಾಕೇಲೆ ಬೈಯಲಿಲ್ಲ. ಎಂಟುನೂರು ಡಬ್ಬಿಗಳನ್ನೂ ಒಳಗು ಹೊರಗು ಮಾಡಿ, ಪ್ರತಿಯೊಂದರ ಮೇಲೂ ಅಂಗಡಿಯ ಹೆಸರನ್ನು ಕೈಯಿಂದ ಬರೆದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಫೆಬ್ರವರಿಯಲ್ಲಿ ಅವಳೇ ಕರೆದು ಹೇಳಿದಳಂತೆ. “ಮಾರ್ಚ್ ಹತ್ತೊಂಬತ್ತಕ್ಕೆ ಸಂತ ಜೋಸೆಫರ ಹಬ್ಬ. ಜೆಪ್ಪೊಲೆಗೆ ಡಬ್ಬಿ ಬೇಕು. ಇನ್ನೊಂದು ಸಲ ನಿನಗೇ ಕೊಡ್ತಿದೀನಿ. ಈ ಸಲವೂ ಹಸಿರು ಬಂತು ಅಂದ್ರೆ ಅನಿಯೆಲ್ಲೊ, ಆಮೇಲೆ ನನ್ನ ಅಂಗಡಿ ಕಡೆ ತಲೆ ಹಾಕಬೇಡ.”

ಜೆಪ್ಪೊಲೆ ಎಂದರೆ ಎಣ್ಣೆಯಲ್ಲಿ ಕರಿದ ದಪ್ಪ ಬಳೆ, ಅದರ ಮೇಲೆ ಹಳದಿ ಕಸ್ಟರ್ಡ್, ಕಸ್ಟರ್ಡಿನ ಮೇಲೊಂದು ಕಪ್ಪು ಚೆರ್ರಿ. ಕಸ್ಟರ್ಡ್ ಹಸಿರಾದರೆ ಬಟಾಣಿ ಎಂದು ಕೂಡ ಯಾರೂ ಅಂದುಕೊಳ್ಳುವುದಿಲ್ಲ, ಬೇರೆ ಏನೋ ಅಂದುಕೊಳ್ಳುತ್ತಾರೆ. ಅಚ್ಚಿನ ಮನೆಯವರು ಮಾರ್ಚ್ ಮೊದಲ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಫೈಲ್ ಕೈ ಸೇರಬೇಕು, ಆಮೇಲೆ ಬಂದದ್ದನ್ನು ಮುಟ್ಟುವುದಿಲ್ಲ ಎಂದಿದ್ದರು. ಅನಿಯೆಲ್ಲೊ ಆ ವಾರದ ಸೋಮವಾರ ಬೆಳಗ್ಗೆ ನನ್ನ ಅಂಗಡಿಗೆ ಬಂದು, ಬಣ್ಣ ಇದ್ದಂತೆ ತೋರಿಸುವ ಒಳ್ಳೆಯ ಮಾನಿಟರ್ ಕೊಳ್ಳುತ್ತೇನೆ, ಮಿಲಾನಿನಲ್ಲಿರುವ ದೊಡ್ಡಪ್ಪನ ಮಗನನ್ನು ಕೇಳಿ ತೀರ್ಮಾನ ಮಾಡುತ್ತೇನೆ ಎಂದ. ಹೀಗಾಗಿ ಈ ವಿಷಯ ಓಣಿಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ತೀರಾ ಕಡಿಮೆ ಎಂದೆನಲ್ಲ, ಆ ತಪ್ಪು ಇದು.

ಅದೇ ಸೋಮವಾರ ಸಂಜೆ ಅನಿಯೆಲ್ಲೊ ಬಾಲ್ಕನಿಗೆ ಬಂದು ಆ ಮಿಲಾನಿನ ಅಣ್ಣನೊಡನೆ ಮಾತಾಡಿದ. ಕಿವಿಯೊಳಗೆ ಬೀನ್ಸ್ ಕಾಳಿನಷ್ಟು ಚಿಕ್ಕ ಯಂತ್ರ, ಕೈಯಲ್ಲಿ ಫೋನ್ ಇಲ್ಲ. ಎದುರು ಬಾಲ್ಕನಿಯಲ್ಲಿ ತಿತಿನಾ ಅಕ್ಕ ಬಟ್ಟೆ ತೆಗೆಯುತ್ತಿದ್ದಳು. ನಮ್ಮ ಓಣಿ ಎಷ್ಟು ಕಿರಿದೆಂದರೆ ಅವಳು ಕೈ ಚಾಚಿದರೆ ಅವನ ಅಂಗಿಯನ್ನೂ ಮಡಚಿಡಬಹುದು. ಅವಳು ಕಂಡದ್ದು ಇಷ್ಟು: ಹುಡುಗ ಆಕಾಶ ನೋಡುತ್ತಾ ನಿಂತಿದ್ದಾನೆ, ಅವನ ಬೆನ್ನ ಹಿಂದೆ ಅಪ್ಪನ ಫೋಟೋ, ಕೆಂಪು ದೀಪ. ಹುಡುಗ ತಲೆಯಾಡಿಸುತ್ತಾ ಮೆಲ್ಲಗೆ ಹೇಳುತ್ತಿದ್ದಾನೆ, “ಇಪ್ಪತ್ತೇಳಾ? ಹ್ಞೂಂ. ನಾಲ್ಕು ಕೆ. ಖಂಡಿತಾ ತಾನೇ? ಸರಿ, ನೀವು ಹೇಳಿದ ಮೇಲೆ ಮುಗೀತು.”

ತಿತಿನಾ ಅಕ್ಕ ಬಟ್ಟೆ ಅಲ್ಲೇ ಬಿಟ್ಟು ಚಪ್ಪಲಿ ಕೂಡ ಹಾಕಿಕೊಳ್ಳದೆ ನನ್ನ ಅಂಗಡಿಗೆ ಇಳಿದು ಬಂದಳು. ನಮ್ಮ ಪಟ್ಟಿಯಲ್ಲಿ ಇಪ್ಪತ್ತೇಳು ಎಂದರೆ ಹಾಸಿಗೆಯ ಕೆಳಗಿಡುವ ಉಚ್ಚೆ ಪಾತ್ರೆ, ನಾಲ್ಕು ಎಂದರೆ ಹಂದಿ. ಅವಳಿಗೆ ಎಲ್ಲವೂ ಹೊಂದಿತು. ಆರ್ಕಾಂಜೆಲೊ ಕೊನೆಯ ತಿಂಗಳು ಆ ಪಾತ್ರೆ ಬಿಟ್ಟು ಏಳಲಿಲ್ಲ, ಡಾಕ್ಟರನ್ನು ಹಂದಿ ಎಂದು ಬೈದದ್ದೇ ಅವರ ಕೊನೆಯ ಮಾತು. ಅದು ಮಾನಿಟರಿನ ಅಳತೆ ಅಕ್ಕ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಹಣ ಕೌಂಟರಿನ ಮೇಲೆ ಇಟ್ಟಾಗಿತ್ತು.

ಮಂಗಳವಾರ ಸಂಜೆ ನೇಪಲ್ಸಿನ ಚಕ್ರದಲ್ಲಿ ಇಪ್ಪತ್ತೇಳು ಬಂತು. ನಾಲ್ಕೂ ಬಂತು.

ತಿತಿನಾ ಅಕ್ಕ ಕೂಗಿದ ಕೂಗಿಗೆ ನಾಲ್ಕು ಮನೆಯ ನಾಯಿಗಳು ಬೊಗಳಿದವು. ಗುಟ್ಟು ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡು ಅವಳು ಒಬ್ಬೊಬ್ಬರಿಗೇ ಹೇಳಿದಳು. ಬುಧವಾರ ಬೆಳಗಾಗುವಷ್ಟರಲ್ಲಿ ಇಡೀ ಓಣಿ ಆಣೆ ಹಾಕಿಯಾಗಿತ್ತು.

ಅಂದಿನಿಂದ ಅನಿಯೆಲ್ಲೊನ ಬಾಲ್ಕನಿಗೆ ಹಗ್ಗ ಕಟ್ಟಿದ ಬುಟ್ಟಿಗಳು ಬರತೊಡಗಿದವು. ಕೆಳಗಿನಿಂದ ಮೀನಿನ ಪೊಂಪೀಲಿಯೊ ಹೊಸ ಮೀನು ಕಳಿಸಿದ. ಎದುರಿನಿಂದ ಬದನೆಕಾಯಿ, ಮೇಲಿನಿಂದ ಮ್ಯಾಕರೋನಿ. ತಂದೆ ತೀರಿಕೊಂಡು ಐದು ತಿಂಗಳಾದ ಮೇಲೆ ಜನಕ್ಕೆ ತನ್ನ ಮೇಲೆ ಈ ಪರಿ ಕರುಣೆ ಉಕ್ಕಿದ್ದು ಯಾಕೆಂದು ಅವನಿಗೆ ಅರ್ಥವಾಗಲಿಲ್ಲ. ಆದರೂ ತಿಂದ.

“ಅನಿಯೆಲ್ಲೊ ಮಗಾ, ಇವತ್ತೇನಾದ್ರೂ ಹೊಸದು ಗೊತ್ತಾಯ್ತಾ?” ಎಂದು ತಿತಿನಾ ಅಕ್ಕ ಬಾಲ್ಕನಿಯಿಂದ ಕೇಳಿದಳು.

ಮಾನಿಟರಿನ ವಿಷಯ ಈ ಎಜೀದಿಯೊನೇ ಅವಳಿಗೆ ಹೇಳಿರಬೇಕು ಎಂದುಕೊಂಡು ಅವನು ಮನಸ್ಸು ಬಿಚ್ಚಿ ಉತ್ತರ ಕೊಟ್ಟ. “ಗೊತ್ತಾಯ್ತಕ್ಕ. ಇಪ್ಪತ್ತೇಳು ಚಿಕ್ಕದಾಯ್ತಂತೆ. ಮೂವತ್ತೆರಡೇ ಸರಿ ಅಂತಾರೆ.”

“ಅಂತಾರಾ. ಅದರ ಜೊತೆಗೆ?”

“ಅರವತ್ತು ಹರ್ಟ್ಸ್ ಸಾಕಂತೆ. ಅರವತ್ತಿದ್ರೆ ಕಣ್ಣಿಗೆ ನೋವಿಲ್ಲ.”

“ಅಲ್ಲಿ ನೋವಿಲ್ವಂತೆ ಕಣ್ರೀ,” ಎಂದು ತಿತಿನಾ ಅಕ್ಕ ಒಳಗಿದ್ದ ಗಂಡನಿಗೆ ಹೇಳಿ ಸೆರಗಿಲ್ಲದ ಕಾರಣ ಒಣಗುತ್ತಿದ್ದ ದಿಂಬಿನ ಕವರಿನಲ್ಲಿ ಕಣ್ಣು ಒರೆಸಿಕೊಂಡಳು.

ಪರದೆಯಲ್ಲಿ ಅಡ್ಡಕ್ಕೆ ಎಷ್ಟು ಚುಕ್ಕಿ, ಉದ್ದಕ್ಕೆ ಎಷ್ಟು ಚುಕ್ಕಿ ಎಂದೂ ಅವನು ಹೇಳಿದ: ಮೂವತ್ತೆಂಟು ನಲವತ್ತು, ಇಪ್ಪತ್ತೊಂದು ಅರವತ್ತು. ಇದು ಕಷ್ಟಕ್ಕಿಟ್ಟುಕೊಂಡಿತು. ಪಟ್ಟಿಯ ಪ್ರಕಾರ ಮೂವತ್ತೆಂಟು ಎಂದರೆ ಏಟು ತಿನ್ನುವುದು, ಇಪ್ಪತ್ತೊಂದು ಎಂದರೆ ಬಟ್ಟೆಯಿಲ್ಲದ ಹೆಂಗಸು. ಆರ್ಕಾಂಜೆಲೊನಂಥ ಸಂಭಾವಿತ ಮನುಷ್ಯ ಆ ಲೋಕದಲ್ಲಿ ಏನು ಮಾಡುತ್ತಿರಬಹುದು, ಯಾರ ಕೈಲಿ ಏಟು ತಿನ್ನುತ್ತಿರಬಹುದು ಎಂದು ಓಣಿ ಅರ್ಧ ದಿನ ಚರ್ಚೆ ಮಾಡಿತು. ಸುದ್ದಿ ಕೇಳಿ ಪಾದ್ರಿ ಸವೇರಿಯೊ ನನ್ನ ಅಂಗಡಿಗೆ ಬಂದರು. ಸತ್ತವರ ಬಾಯಿಂದ ಅಂಕಿ ಹೊರಡಿಸುವುದು ದೊಡ್ಡ ಪಾಪ, ಭಾನುವಾರ ಇದರ ಮೇಲೆಯೇ ಉಪದೇಶ ಮಾಡುತ್ತೇನೆ ಎಂದು ಗದರಿದರು. ಆಮೇಲೆ ಒಂದು ಅಂಚೆಚೀಟಿ ಕೊಂಡರು, ಬಾಗಿಲವರೆಗೆ ಹೋದರು, ತಿರುಗಿ ಬಂದರು. ಚರ್ಚಿನ ಮಾಡು ಸೋರುತ್ತಿದೆ ಎಂದು ವಿವರಿಸಿ ಮೂವತ್ತೆರಡು, ಅರವತ್ತು ಬರೆಸಿದರು. ಇಪ್ಪತ್ತೊಂದನ್ನು ಮುಟ್ಟಲಿಲ್ಲ, ಅದು ಅವರ ಸಂಯಮ.

ಗುರುವಾರ ಅನಿಯೆಲ್ಲೊ ಮಾನಿಟರ್ ತರಲು ಹೊರಟ. ಹೊರಡುವಾಗ ಒಬ್ಬ, ಕಂಪ್ಯೂಟರ್ ಅಂಗಡಿ ಸೇರುವಾಗ ಹದಿನಾಲ್ಕು ಜನ. ನಾನೂ ಇದ್ದೆ, ಯಾರಾದರೂ ಒಬ್ಬರಿಗೆ ಬುದ್ಧಿ ನೆಟ್ಟಗಿರಬೇಕಲ್ಲ. ಅಷ್ಟೊತ್ತಿಗೆ ತಿತಿನಾ ಅಕ್ಕನಿಗೆ ಮಾನಿಟರಿನ ವಿಷಯ ಪೂರ್ತಿ ತಿಳಿದಿತ್ತು, ಅದರಿಂದ ಅವಳ ನಂಬಿಕೆ ಒಂದು ಕೂದಲಷ್ಟೂ ಅಲುಗಿರಲಿಲ್ಲ. ಅಪ್ಪ ಮೇಲಿಂದ ಮಗನಿಗೆ ಯಂತ್ರ ಕೊಡಿಸುತ್ತಿದ್ದಾರೆ, ಹಾಗೆ ಕೊಡಿಸುತ್ತಾ ನಮಗೂ ನಾಲ್ಕು ಕಾಸು ಸಿಗಲಿ ಎನ್ನುತ್ತಿದ್ದಾರೆ ಎಂದು ದಾರಿಯುದ್ದಕ್ಕೂ ಅನಿಯೆಲ್ಲೊಗೆ ಕೇಳಿಸದ ಹಾಗೆ ಎಲ್ಲರಿಗೂ ಬಿಡಿಸಿ ಹೇಳಿದಳು.

ಮಾರುವ ಹುಡುಗ ಟೈ ಕಟ್ಟಿದ, ವಿನಯವಂತ. ಅವನು ಬಾಯಿ ತೆರೆದಾಗಲೆಲ್ಲ ಹದಿಮೂರು ಪೆನ್ಸಿಲುಗಳು ಕಾಗದದ ಮೇಲೆ ಓಡಿದವು. ಹತ್ತು ಬಿಟ್ ಎಂದ, ಬೀನ್ಸ್ ಬೀನ್ಸ್ ಎಂದು ಹಿಂದಿನ ಸಾಲು ಪಿಸುಗುಟ್ಟಿತು. ನಿಜವಾದ ಬಣ್ಣಗಳಲ್ಲಿ ತೊಂಬತ್ತೊಂಬತ್ತು ಪರ್ಸೆಂಟ್ ತೋರಿಸುತ್ತದೆ ಎಂದಾಗ ಮಾತ್ರ ಪೊಂಪೀಲಿಯೊ ಕೈಯೆತ್ತಿ ತಡೆದ.

“ತೊಂಬತ್ತೊಂಬತ್ತು ಆಗಲ್ಲಪ್ಪ. ತೊಂಬತ್ತರ ಒಳಗೆ ಹೇಳು.”

ಇವರಿಗೆ ಸ್ವಲ್ಪ ಕಡಿಮೆ ದರ್ಜೆಯದು ಬೇಕೇನೋ ಎಂದುಕೊಂಡ ಹುಡುಗ ಎಪ್ಪತ್ತೆರಡು ಪರ್ಸೆಂಟಿನ ಇನ್ನೊಂದನ್ನು ತಂದಿಟ್ಟ. ಪೊಂಪೀಲಿಯೊ ಅವನ ಬೆನ್ನು ತಟ್ಟಿ, ಹೀಗೆ ದಾರಿಗೆ ಬಾ ಎಂದ.

ಇದರ ಮಧ್ಯೆ ಅನಿಯೆಲ್ಲೊ ಮೂವತ್ತೆರಡು ಇಂಚಿನ ಒಂದರ ಮುಂದೆ ನಿಂತು, ಸರಿ, ಇದನ್ನೇ ಕಟ್ಟಿಕೊಡಿ ಎಂದುಬಿಟ್ಟ. ಪೆನ್ಸಿಲುಗಳು ನಿಂತವು. ಆಗ ತಿತಿನಾ ಅಕ್ಕನಿಗೆ ಒಂದು ಯೋಚನೆ ಹೊಳೆಯಿತು, ಅದು ಅವಳ ಮುಖದ ಮೇಲೆ ಹೊಳೆದದ್ದನ್ನು ನಾನು ಕಣ್ಣಾರೆ ಕಂಡೆ. ಕೊಂಡುಬಿಟ್ಟರೆ ಮುಗಿಯಿತಲ್ಲ. ಆಮೇಲೆ ಅಪ್ಪ ಯಾಕೆ ಮಾತಾಡುತ್ತಾರೆ?

ಅವಳು ಸುತ್ತ ಒಮ್ಮೆ ನೋಡಿ, ಚೊಕ್ಕಟವಾಗಿದ್ದ ಒಂದು ಜಾಗ ಆರಿಸಿಕೊಂಡು, ಅಲ್ಲಿ ಪ್ರಜ್ಞೆ ತಪ್ಪಿ ಬಿದ್ದಳು.

ನೀರು ತಂದರು, ವಿನೆಗರ್ ಮೂಸಿಸಿದರು, ಕಾವಲುಗಾರ ಗಾಳಿ ಹಾಕಿದ. ಮಗಾ ನನ್ನನ್ನ ಮನೆಗೆ ಕರ್ಕೊಂಡು ಹೋಗು, ನಿಮ್ಮಪ್ಪ ಇದ್ದಿದ್ರೆ ಬಿಟ್ಟು ಹೋಗ್ತಿದ್ರಾ ಎಂದು ಅವಳು ಒಂದು ಕಣ್ಣು ಬಿಟ್ಟು ಕೇಳಿದಳು. ಅನಿಯೆಲ್ಲೊ ಮಾನಿಟರ್ ಬಿಟ್ಟು ಅವಳನ್ನು ಎತ್ತಿಕೊಂಡು ಬಂದ. ಸಣ್ಣ ಹೆಂಗಸೇನಲ್ಲ. ಆ ಸಂಜೆ ಮೂವತ್ತೆರಡು ಬಂತು, ಅರವತ್ತರ ಬದಲು ಐವತ್ತೊಂಬತ್ತು ಬಂತು. ಪಕ್ಕದ ಮನೆ ಬಾಗಿಲು ತಟ್ಟಿದ್ದಾರೆ ಅಷ್ಟೆ, ವಯಸ್ಸಾದವರು ಎಂದು ಓಣಿ ಆರ್ಕಾಂಜೆಲೊ ಅವರನ್ನು ಕ್ಷಮಿಸಿತು.

ಶುಕ್ರವಾರ ಬೆಳಗ್ಗೆ ಅನಿಯೆಲ್ಲೊ ಬೇರೆ ದಾರಿ ಹಿಡಿದ. ಫೋನಿನಲ್ಲೇ ಆರ್ಡರ್ ಮಾಡಿ, ಸಂಜೆಯೊಳಗೆ ಮನೆಗೆ ತಲುಪಿಸುವುದಕ್ಕೆ ಹೆಚ್ಚಿನ ಹಣ ಕಟ್ಟಿದ. ಅದನ್ನು ಬಾಲ್ಕನಿಯಲ್ಲಿ ನಿಂತು ಮಾಡಿದ್ದು ಅವನ ದಡ್ಡತನ.

ನಾಲ್ಕು ಗಂಟೆಗೆ ಡೆಲಿವರಿಯವನು ಓಣಿಯ ಬಾಯಿಗೆ ಬಂದು ಅನಿಯೆಲ್ಲೊ ಮನೆ ಯಾವುದು ಎಂದು ಪೊಂಪೀಲಿಯೊನನ್ನು ಕೇಳಿದ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಪೊಂಪೀಲಿಯೊ ಮೀನಿನ ಮೇಲೆ ಕೈಯಿಟ್ಟು ಹೇಳಿದ. ಮುಂದಿನ ಮನೆಯವರು, ಇದ್ದ, ಜರ್ಮನಿಗೆ ಹೋದ ಎಂದರು. ಅದರ ಮುಂದಿನವರು ಮಠ ಸೇರಿದ ಎಂದರು. ಡೆಲಿವರಿಯವನು ತಲೆ ಕೆಟ್ಟು, ಸರಿಯಾಗಿ ಒಂದು ಮಾತು ಹೇಳಿ ಅಮ್ಮಾ, ನಾನಿದಕ್ಕೆ ಕಾರಣ ಬರೀಬೇಕು ಎಂದು ಬಾಗಿಲಲ್ಲಿ ಕೂತಿದ್ದ ತಿತಿನಾ ಅಕ್ಕನನ್ನು ಬೇಡಿಕೊಂಡ. ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಹೋಗಿಬಿಟ್ಟನಪ್ಪ, ಚಿಕ್ಕ ವಯಸ್ಸು ಎಂದಳು. ಅವನು ಟೋಪಿ ತೆಗೆದು, ‘ಪಡೆಯಬೇಕಾದವರು ಮೃತರು’ ಎಂದು ಯಂತ್ರದಲ್ಲಿ ಒತ್ತಿ, ಡಬ್ಬ ಹೊತ್ತು ತಿರುಗಿದ.

ಆಗ ಮೂರನೇ ಮಹಡಿಯಿಂದ ಅನಿಯೆಲ್ಲೊ ತಲೆ ಹೊರಗೆ ಹಾಕಿ ಕೂಗಿದ. “ಅಣ್ಣಾ, ನಿಲ್ಲಿ. ನಾನೇ, ಇಲ್ಲೇ ಇದೀನಿ.”

ಡೆಲಿವರಿಯವನು ಒಮ್ಮೆ ಮೇಲೆ ನೋಡಿದ, ಒಮ್ಮೆ ತಿತಿನಾ ಅಕ್ಕನನ್ನು ನೋಡಿದ, ವ್ಯಾನು ಹತ್ತಿ ಹೊರಟೇ ಹೋದ. ಓಣಿ ಮಾತ್ರ ಸ್ತಬ್ಧವಾಗಿತ್ತು. ಯಾಕೆಂದರೆ ಪಟ್ಟಿಯಲ್ಲಿ ನಲವತ್ತೇಳು ಎಂದರೆ ಸತ್ತವನು, ನಲವತ್ತೆಂಟು ಎಂದರೆ ಮಾತಾಡುವ ಸತ್ತವನು. ಮರುಕ್ಷಣ ಎಲ್ಲರೂ ನನ್ನ ಅಂಗಡಿಗೆ ನುಗ್ಗಿದರು. ಅರ್ಧ ಗಂಟೆಯಲ್ಲಿ ನಾನು ನಲವತ್ತೆಂಟನ್ನು ಅದೆಷ್ಟು ಸಲ ಒತ್ತಿದೆನೋ, ಬೆರಳು ಮರಗಟ್ಟಿತು.

ಗಲಾಟೆ ಇಳಿದ ಮೇಲೆ ಅನಿಯೆಲ್ಲೊ ಅಂಗಡಿಗೆ ಬಂದ. ಡೆಲಿವರಿ ಕಚೇರಿಗೆ ಫೋನ್ ಮಾಡಿದ್ದನಂತೆ. ಪಡೆಯಬೇಕಾದವರು ಮೃತರು ಎಂದು ದಾಖಲಾಗಿದೆ, ಸೋಮವಾರ ಮೃತರು ಖುದ್ದಾಗಿ ಬಂದು ಗುರುತಿನ ಚೀಟಿ ತೋರಿಸಿದರೆ ಪರಿಶೀಲಿಸುತ್ತೇವೆ ಎಂದರಂತೆ. ಉಪ್ಪಿನ ಪ್ಯಾಕೆಟ್ಟುಗಳಿಗೆ ಒರಗಿ ನಿಂತು ಅವನು ಕೇಳಿದ, “ಎಜೀದಿಯೊ ಅಣ್ಣ, ಎಲ್ಲರೂ ಊಟ ಕೊಡ್ತಾರೆ, ಪ್ರೀತಿ ಮಾಡ್ತಾರೆ. ಆದ್ರೆ ನಾನು ಮಾನಿಟರ್ ತಗೊಳ್ಳೋದು ಯಾಕೆ ಯಾರಿಗೂ ಬೇಡ? ನಾಳೆ ಮಧ್ಯಾಹ್ನಕ್ಕೆ ಫೈಲ್ ಹೋಗ್ಲಿಲ್ಲ ಅಂದ್ರೆ ನಾನವಳಿಗೆ ಮುಖ ತೋರಿಸೋ ಹಾಗಿಲ್ಲ. ಮುಖ ತೋರಿಸೋಕೆ ಅಂತಲೇ ನಾನು ಬದುಕಿರೋದು.”

ನನಗೆ ನಿಜಕ್ಕೂ ನಾಚಿಕೆಯಾಯಿತು. ಆ ವಾರ ನನ್ನ ಯಂತ್ರಕ್ಕೆ ಕಾಗದದ ಸುರುಳಿ ನಾಲ್ಕು ಸಲ ಬದಲಾಯಿಸಿದ್ದೆ, ನಾಚಿಕೆ ಆಗಲೇಬೇಕಿತ್ತು. ಅವನಿಗೆ ಹೇಳುವ ಧೈರ್ಯ ಬರಲಿಲ್ಲ. ಅವನು ಹೋದ ಮೇಲೆ ರಾಕೇಲೆಯ ಅಂಗಡಿಗೆ ಹೋಗಿ ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಅವಳು ಕರಿಯುವುದನ್ನು ನಿಲ್ಲಿಸದೆ ಕೇಳಿದಳು. ಅವನು ಕಡೆಯಲ್ಲಿ ಹೇಳಿದ ಮಾತನ್ನೂ ಒಪ್ಪಿಸಿದೆ. ಆ ಹೊತ್ತಿಗೆ ಬಾಣಲೆಯಲ್ಲಿದ್ದ ಜೆಪ್ಪೊಲೆ ಒಂದಿಷ್ಟು ಹೆಚ್ಚೇ ಕೆಂಪಾಯಿತು.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ರಾಕೇಲೆ ಅಂಗಡಿಯ ಬಾಗಿಲು ಎಳೆದಳು. ಶನಿವಾರ ಅವಳ ಅಂಗಡಿ ಮುಚ್ಚಿದ್ದು ಗಂಡ ಸತ್ತ ದಿನ ಬಿಟ್ಟರೆ ಅದೇ ಮೊದಲು. ಏಪ್ರನ್ ಕಳಚಿರಲಿಲ್ಲ. ಕಾಗದದ ತಟ್ಟೆಯಲ್ಲಿ ಒಂದು ಜೆಪ್ಪೊಲೆ ಇಟ್ಟುಕೊಂಡು ಅನಿಯೆಲ್ಲೊನನ್ನು ಕೆಳಗೆ ಕರೆದಳು, ನನಗೆ, ನಿನ್ನ ಸಾಮಾನಿನ ವ್ಯಾನು ತೆಗೆ ಎಂದಳು. ಅನಿಯೆಲ್ಲೊ ಅಂಗಿಯ ಗುಂಡಿಗಳನ್ನು ಒಂದು ಮೇಲೆ ಕೆಳಗೆ ಹಾಕಿಕೊಂಡು ಇಳಿದು ಬಂದ. ಓಣಿಯ ಬಾಯಲ್ಲಿ ತಿತಿನಾ ಅಕ್ಕ ಕುರ್ಚಿ ಹಾಕಿಕೊಂಡು ಅಡ್ಡ ಕೂತಿದ್ದಳು.

“ರಾಕೇಲೆ, ಇವನು ತಗೊಂಡುಬಿಟ್ರೆ ಇವನಪ್ಪ ಮತ್ತೆ ಬಾಯಿ ಬಿಡಲ್ಲ.”

“ನಮ್ಮಪ್ಪ?” ಎಂದ ಅನಿಯೆಲ್ಲೊ.

ಆಗ ಎಲ್ಲರೂ ಒಟ್ಟಿಗೆ ಹೇಳತೊಡಗಿದರು. ಇಪ್ಪತ್ತೇಳು, ನಾಲ್ಕು, ಆಕಾಶ, ಕೆಂಪು ದೀಪ, ಕಣ್ಣಿಗೆ ನೋವಿಲ್ಲದ್ದು. ಅನಿಯೆಲ್ಲೊ ಅಷ್ಟನ್ನೂ ಕೇಳಿಸಿಕೊಂಡ. ಅವನಿಗೆ ಸಿಟ್ಟು ಬರುತ್ತದೆ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ.

“ಅಕ್ಕ,” ಎಂದ ಅವನು ಮೆಲ್ಲಗೆ, “ನಲವತ್ಮೂರು ವರ್ಷದಲ್ಲಿ ನಮ್ಮಪ್ಪ ನನ್ನ ಹತ್ರ ‘ಬಾಗಿಲು ಹಾಕು’ ಅನ್ನೋದು ಬಿಟ್ರೆ ಜಾಸ್ತಿ ಮಾತೇ ಆಡಿಲ್ಲ. ಸತ್ತ ಮೇಲೆ ಇಷ್ಟೊಂದು ಮಾತಾಡ್ತಾರಾ? ಅವರು ಹಾಗೆ ಬಂದು ಮಾತಾಡೋದಾಗಿದ್ರೆ ನಾನು ಮಾನಿಟರ್ ವಿಷಯ ಕೇಳ್ತಿದ್ನಾ? ಬೇರೆ ಏನೇನೋ ಕೇಳ್ತಿದ್ದೆ.”

ತಿತಿನಾ ಅಕ್ಕ ಎದ್ದಳು, ಕುರ್ಚಿಯನ್ನು ತಾನೇ ಮಡಚಿ ಗೋಡೆಗೆ ಒರಗಿಸಿದಳು. ಹೋಗು ಮಗಾ ಎಂದಳು. ವ್ಯಾನು ಹೊರಟ ಮೇಲೆ ನಾನು ಕನ್ನಡಿಯಲ್ಲಿ ನೋಡಿದೆ, ಇಡೀ ಓಣಿ ಸ್ಕೂಟರ್ ಹತ್ತಿ ಹಿಂದೆ ಬರುತ್ತಿತ್ತು. ಪಶ್ಚಾತ್ತಾಪ ಬೇರೆ, ಕುತೂಹಲ ಬೇರೆ.

ಅಂಗಡಿಯಲ್ಲಿ ಟೈ ಕಟ್ಟಿದ ಹುಡುಗ ನಮ್ಮನ್ನು ಕಂಡು ಬಿಳಿಚಿಕೊಂಡ. ಒಳಗೆ ತಿಂಡಿ ತರುವಂತಿಲ್ಲ ಎಂದ. ರಾಕೇಲೆಗೆ ಅದು ಕೇಳಿಸಲಿಲ್ಲ. ಅನಿಯೆಲ್ಲೊ ಮೂವತ್ತೆರಡು, ಅರವತ್ತು, ಹತ್ತು ಎಂದು ಆರಂಭಿಸಿದ.

“ಅಂಕಿ ಸಾಕು,” ಎಂದಳು ರಾಕೇಲೆ. “ನನ್ನ ಕೈಲಿ ಹಿಡಿಸಿ ಇದರ ಫೋಟೋ ತೆಗೆದಿದೀಯಲ್ಲ, ಅದನ್ನ ಒಂದೊಂದರಲ್ಲೂ ತೋರಿಸು.”

ಅವನು ಜೇಬಿನಿಂದ ಪೆನ್‌ಡ್ರೈವ್ ತೆಗೆದು ಒಂದೊಂದರಲ್ಲೂ ಚಿತ್ರ ಹಾಕುತ್ತಾ ಹೋದ. ಅವಳು ತಟ್ಟೆಯಲ್ಲಿದ್ದ ನಿಜವಾದ ಜೆಪ್ಪೊಲೆಯನ್ನು ಪ್ರತಿ ಪರದೆಯ ಪಕ್ಕಕ್ಕೂ ಹಿಡಿದಳು. ಮೊದಲನೆಯದಕ್ಕೆ ಕಾಮಾಲೆ ಎಂದಳು. ಎರಡನೆಯದು ಬಹಳ ದುಬಾರಿಯದು, ಇದು ನನ್ನ ಕಸ್ಟರ್ಡಲ್ಲ, ಚಿನ್ನದಂಗಡಿ ಎಂದಳು. ಮೂರು, ನಾಲ್ಕು, ಐದು ದಾಟಿ, ಮೂಲೆಯಲ್ಲಿ ಚೌಕಟ್ಟು ಗೀರಾಗಿದ್ದ ಒಂದರ ಮುಂದೆ ನಿಂತಳು. ಜೆಪ್ಪೊಲೆ ಹಿಡಿದಳು. ಹಿಂದೆ ಇಪ್ಪತ್ತು ಜನ ಕತ್ತು ಚಾಚಿದರು. ಪರದೆಯೊಳಗಿನ ಕಸ್ಟರ್ಡಿಗೂ ತಟ್ಟೆಯ ಕಸ್ಟರ್ಡಿಗೂ ನನ್ನ ಕಣ್ಣಿಗೆ ಕೂದಲಷ್ಟು ವ್ಯತ್ಯಾಸ ಕಾಣಲಿಲ್ಲ.

“ಇದು ನಂದು,” ಎಂದಳು ರಾಕೇಲೆ.

ಅದು ಮಾರಾಟಕ್ಕಿಲ್ಲ, ತೋರಿಸುವುದಕ್ಕೆ ಇಟ್ಟದ್ದು ಎಂದು ಹುಡುಗ ಹೇಳಿದ. ಮ್ಯಾನೇಜರ್ ಬಂದರು, ಬಿಗಿದ ಮುಖದ ಮನುಷ್ಯ, ಅವರೂ ಅದನ್ನೇ ಹೇಳಿದರು. ನಿಯಮ ಎಂದರು. ರಾಕೇಲೆ ವಾದಿಸಲಿಲ್ಲ, ತಟ್ಟೆಯನ್ನು ಅವರ ಕೈಗೆ ಕೊಟ್ಟಳು. ಮ್ಯಾನೇಜರ್ ಬೇಡ ಬೇಡ ಎನ್ನುತ್ತಾ ಒಂದು ತುತ್ತು ತಿಂದರು. ಇನ್ನೊಂದು ತಿಂದರು. ನಮ್ಮಮ್ಮ ಹೀಗೆ ಮಾಡುತ್ತಿದ್ದಳು ಎಂದು ಯಾರಿಗೋ ಹೇಳಿದರು, ಬಹುಶಃ ಚೆರ್ರಿಗೆ. ಆಮೇಲೆ ಬಿಲ್ ಬರೆಯಿರಿ ಎಂದರು, ಗೀರಾಗಿದೆಯೆಂದು ಬೆಲೆಯನ್ನೂ ಇಳಿಸಿದರು.

ಮನೆಗೆ ಬಂದು ಮೂರನೇ ಮಹಡಿಗೆ ಅದನ್ನು ಹೊತ್ತವನು ಪೊಂಪೀಲಿಯೊ. ತಂತಿ ಸಿಕ್ಕಿಸುವಾಗ ಹನ್ನೊಂದೂಕಾಲು. ಅನಿಯೆಲ್ಲೊ ಕೂತು ಕೆಲಸ ಶುರುಮಾಡಿದ. ಅವನನ್ನು ನಾನು ಅಲ್ಲಿಯವರೆಗೆ ಪೆದ್ದನೆಂದೇ ತಿಳಿದಿದ್ದೆ. ಆ ಅರ್ಧ ಗಂಟೆ ಅವನ ಒಂದು ಚಲನೆಯೂ ವ್ಯರ್ಥವಾಗಲಿಲ್ಲ. ರಾಕೇಲೆ ಅವನ ಬೆನ್ನ ಹಿಂದೆ ನಿಂತಿದ್ದಳು, ನಾನು ತಂತಿಯ ಕಂತೆ ಹಿಡಿದು ಬಾಗಿಲ ಹತ್ತಿರ. ಬಾಲ್ಕನಿಗಳಲ್ಲಿ ಓಣಿ ಕಾಯುತ್ತಿತ್ತು.

ಪರದೆಯ ತುಂಬ ಜೆಪ್ಪೊಲೆ. ಅದನ್ನು ಹಿಡಿದಿದ್ದು ರಾಕೇಲೆಯ ಕೈ. ಅಂಗಡಿಯಲ್ಲಿ ಎಲ್ಲರೂ ಕಸ್ಟರ್ಡನ್ನಷ್ಟೇ ನೋಡಿದ್ದರು. ಅಷ್ಟು ದೊಡ್ಡದಾಗಿ, ಅಷ್ಟು ಚೆನ್ನಾಗಿ ಆ ಕೈಯನ್ನು ಯಾರೂ ನೋಡಿರಲಿಲ್ಲ, ಅವಳೂ ನೋಡಿರಲಿಲ್ಲ. ಹೆಬ್ಬೆರಳ ಬುಡದಲ್ಲಿ ಎಣ್ಣೆ ಸಿಡಿದ ಹಳೆಯ ಸುಟ್ಟ ಕಲೆ, ತೋರುಬೆರಳಿನ ಮೇಲೆ ಇನ್ನೊಂದು, ಗೆರೆಗಳಲ್ಲಿ ಸಕ್ಕರೆಯ ಪುಡಿ.

“ಮದುವೆ ಫೋಟೋದಲ್ಲಿ ಎಲ್ಲರ ಕಲೆಯನ್ನೂ ಒರೆಸ್ತೀಯಂತೆ,” ಎಂದಳು ರಾಕೇಲೆ. “ಇದನ್ನ ಯಾಕೆ ಬಿಟ್ಟೆ?”

ಅನಿಯೆಲ್ಲೊ ತಿರುಗಲಿಲ್ಲ. “ಒರೆಸಿದ್ರೆ ಬೇರೆ ಯಾರದೋ ಕೈ ಆಗುತ್ತೆ,” ಎಂದ.

ಅವಳು ಬಹಳ ಹೊತ್ತು ಪರದೆ ನೋಡಿದಳು. ಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷ.

“ನಾಳೆ ಭಾನುವಾರ ಊಟಕ್ಕೆ ಮನೆಗೆ ಬಾ. ನಮ್ಮಮ್ಮ ಇರ್ತಾರೆ, ಅವರಿಗೆ ಕಿವಿ ಕೇಳಲ್ಲ. ಒಬ್ಬನೇ ಬಾ, ಓಣಿಯನ್ನ ಕರ್ಕೊಂಡು ಬರಬೇಡ.”

ಅನಿಯೆಲ್ಲೊ ಈಗ ತಿರುಗಿದ. ನಾಲ್ಕು ವರ್ಷ ಕಾದ ಮಾತು ಕಿವಿಗೆ ಬಿದ್ದದ್ದೇ ಕೆಲಸ ಮರೆತು, ಗಡಿಯಾರ ಮರೆತು, ಅಚ್ಚಿನ ಮನೆ ಮರೆತು ಅವಳನ್ನೇ ನೋಡುತ್ತಾ ಕೂತ. ನಾಲ್ಕು ನಿಮಿಷ, ಮೂರು. ನಾನು ಕೆಮ್ಮಿದೆ. ಎದುರು ಬಾಲ್ಕನಿಯಿಂದ ತಿತಿನಾ ಅಕ್ಕ, ಕಳಿಸೋ ಮಗಾ, ಕಳಿಸೋ ಎಂದು ಅಂಗಲಾಚಿದಳು. ಅವನಿಗೆ ಯಾರ ದನಿಯೂ ಮುಟ್ಟಲಿಲ್ಲ.

ರಾಕೇಲೆ ಅವನ ಭುಜದ ಮೇಲಿಂದ ಬಗ್ಗಿದಳು. ಮೌಸಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಸುಟ್ಟ ಕಲೆಯ ಕೈಯಿಟ್ಟು, ಅವನ ಬೆರಳನ್ನು ತನ್ನ ಬೆರಳಿನಿಂದ ಒತ್ತಿದಳು. ಫೈಲ್ ಹೋಯಿತು. ಅವಳು ಕೈ ತೆಗೆಯಲಿಲ್ಲ, ನಾನು ಬಾಗಿಲು ಎಳೆದುಕೊಂಡು ಕೆಳಗಿಳಿದು ಬಂದೆ.